ಗ್ರಾಫಿಕ್ಸ್ ಕಾರ್ಡುಗಳ ಲಕ್ಷಣ ಮತ್ತು ಲಕ್ಷ್ಯ

ಲಕ್ಷಣವನ್ನು ಲಕ್ಷ್ಯದಿಂದ ಪರೀಕ್ಷಿಸಬೇಕೆಂಬುದು ನಮ್ಮ ಶಾಸ್ತ್ರಕಾರರು ಒಪ್ಪಿದ ಕ್ರಮ. ವೈಯಾಕರಣನು ಸೂತ್ರವನ್ನು ರಚಿಸಬಹುದು; ಶಿಷ್ಟಪ್ರಯೋಗವು ಅದಕ್ಕೆ ಒಳಪಡದಿದ್ದರೆ ತಿದ್ದತಕ್ಕದ್ದು ಸೂತ್ರವನ್ನೇ. ಯಂತ್ರಗಳ ವಿಷಯದಲ್ಲಿ ಈ ವಿವೇಕವು ಬಹುಮಟ್ಟಿಗೆ ಮರೆತುಹೋಗಿದೆ. ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರವನ್ನು ಲೆಕ್ಕಹಾಕಿ ರಚಿಸುವ ಗ್ರಾಫಿಕ್ಸ್ ಕಾರ್ಡನ್ನು ತೆಗೆದುಕೊಳ್ಳೋಣ. ಲೆಕ್ಕಮಾಡುವ ಘಟಕಗಳೆಷ್ಟು, ಅವುಗಳ ವೇಗವೆಷ್ಟು, ಮೆಮೊರಿ ಎಷ್ಟು ಗಿಗಾಬೈಟು, ಆ ಮೆಮೊರಿಯಿಂದ ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯಬಲ್ಲುದು ಎಂಬ ಅಂಕಿಗಳ ಪಟ್ಟಿಯೊಂದನ್ನು ತಯಾರಕರು ಪ್ರಕಟಿಸುತ್ತಾರೆ; ಈ ಹರಿವಿಗೇ ಬ್ಯಾಂಡ್‌ವಿಡ್ತ್ ಎಂದು ಹೆಸರು. ಎರಡು ಕಾರ್ಡುಗಳ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿರಿಸಿ, ಹೆಚ್ಚಿನ ಅಂಕಿಯುಳ್ಳದ್ದೇ ಮೇಲೆಂದು ತೀರ್ಪುಕೊಡುವ ತುಲನೆ ಈಗ ಬಹಳ ಬಳಕೆಯಲ್ಲಿದೆ. ಇಂಥ ತುಲನೆಯನ್ನು ವಿಮರ್ಶೆಯೆಂದು ಕರೆಯಲಾಗದೆಂಬುದು ಪ್ರಕೃತ ಲೇಖನದ ವಾದ.

ಪಟ್ಟಿಯ ಅಂಕಿಗಳಲ್ಲಿ ಅತಿಶಯ ಗೌರವವನ್ನು ಪಡೆದಿರುವುದು ಟೆರಾಫ್ಲಾಪ್, ಅಂದರೆ ಒಂದು ಸೆಕೆಂಡಿನಲ್ಲಿ ನಡೆಯಬಹುದಾದ ದಶಮಾಂಶ ಗಣಿತಕ್ರಿಯೆಗಳ ಸಂಖ್ಯೆ, ಲಕ್ಷಕೋಟಿಗಳಲ್ಲಿ. ಇದು ಅಳೆದು ಕಂಡುಕೊಂಡ ಅಂಕಿಯೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಇದು ಕಾಗದದ ಮೇಲೆ ಗುಣಿಸಿ ಪಡೆದದ್ದು. ಘಟಕಗಳ ಸಂಖ್ಯೆಯನ್ನು ವೇಗದಿಂದ ಗುಣಿಸಿ, ಪ್ರತಿ ಘಟಕವೂ ಪ್ರತಿ ಮಿಡಿತಕ್ಕೆ ಒಂದು ಗುಣಾಕಾರವನ್ನೂ ಒಂದು ಸಂಕಲನವನ್ನೂ ಮಾಡುವುದೆಂದು ಊಹಿಸಿ, ಮತ್ತೆ ಎರಡರಿಂದ ಗುಣಿಸುತ್ತಾರೆ. ಯಾವ ಘಟಕವೂ ಒಂದು ಕ್ಷಣವಾದರೂ ಕೆಲಸವಿಲ್ಲದೆ ಕೂರುವುದಿಲ್ಲವೆಂಬುದು ಇಲ್ಲಿಯ ನಂಬಿಕೆ. ಯಾವ ಕಚೇರಿಯನ್ನು ನೋಡಿ ಈ ನಂಬಿಕೆ ಹುಟ್ಟಿತೋ ತಿಳಿಯದು.

2017ರಲ್ಲಿ ಹೊರಬಂದ ಎಎಂಡಿ ಸಂಸ್ಥೆಯ ರೇಡಿಯಾನ್ ಆರ್‌ಎಕ್ಸ್ ವೆಗಾ 64 ಕಾರ್ಡಿನಲ್ಲಿ 4096 ಘಟಕಗಳಿವೆ, ಲೆಕ್ಕದಂತೆ 12.66 ಟೆರಾಫ್ಲಾಪ್. ಅದಕ್ಕೆ ಒಂದು ವರ್ಷ ಮೊದಲು ಬಂದ ಎನ್‌ವಿಡಿಯಾ ಸಂಸ್ಥೆಯ ಜೀಫೋರ್ಸ್ ಜಿಟಿಎಕ್ಸ್ 1080ರಲ್ಲಿ 2560 ಘಟಕಗಳು, ಸುಮಾರು 8.9 ಟೆರಾಫ್ಲಾಪ್. ಬ್ಯಾಂಡ್‌ವಿಡ್ತಿನಲ್ಲಿಯೂ ವೆಗಾ ಮುಂದು: 320ಕ್ಕೆ ಎದುರಾಗಿ 484 ಗಿಗಾಬೈಟು. ಪಟ್ಟಿಯಂತೆ ಸೇಕಡಾ 40ಕ್ಕೂ ಮೀರಿದ ಮೇಲ್ಮೆಯಿರಬೇಕಾಗಿತ್ತು. ಆಟಗಳಲ್ಲಿ ಅಳೆದು ನೋಡಿದವರಿಗೆ ಎರಡೂ ಹೆಚ್ಚುಕಡಿಮೆ ಸಮನಾಗಿ ಕಂಡವು. ವಿದ್ಯುತ್ತನ್ನು ಮಾತ್ರ ವೆಗಾ ಬಹಳ ಹೆಚ್ಚಾಗಿ ಬಯಸಿತು, 180 ವಾಟಿಗೆ ಪ್ರತಿಯಾಗಿ 295 ವಾಟು. ಚಿತ್ರರಚನೆಯೆಂಬುದು ಒಂದೇ ಬಗೆಯ ಗಣಿತವಲ್ಲ. ಆಕೃತಿಗಳನ್ನು ಜೋಡಿಸುವುದು, ಕಾಣದ ಭಾಗಗಳನ್ನು ಕಳಚುವುದು, ಸಿದ್ಧವಾದ ಬಿಂದುಗಳನ್ನು ಮೆಮೊರಿಗೆ ಬರೆಯುವುದು ಇವೆಲ್ಲ ಅದರ ಅಂಗಗಳು. ಒಂದು ಅಂಗ ತಡೆದರೆ ಉಳಿದ ಸಾವಿರಾರು ಘಟಕಗಳು ಕಾಯಬೇಕಾಗುತ್ತದೆ. ಶುದ್ಧ ಗಣಿತವೇ ಪ್ರಧಾನವಾದ ಕೆಲಸಗಳಲ್ಲಿ ವೆಗಾ ತನ್ನ ಅಂಕಿಗೆ ತಕ್ಕಂತೆ ನಡೆದುದೂ ಉಂಟು.

ಒಂದೇ ಸಂಸ್ಥೆಯ ಎರಡು ತಲೆಮಾರುಗಳಲ್ಲಿಯೂ ಈ ಅಸಮಂಜಸತೆ ಕಾಣುತ್ತದೆ. 2018ರ ಆರ್‌ಟಿಎಕ್ಸ್ 2080 ಟಿಐಗೆ 4352 ಘಟಕಗಳು. 2020ರ ಆರ್‌ಟಿಎಕ್ಸ್ 3070ಕ್ಕೆ 5888. ಟೆರಾಫ್ಲಾಪ್ ಕ್ರಮವಾಗಿ ಸುಮಾರು 13.4 ಮತ್ತು 20.3. ಆಟಗಳಲ್ಲಿ ಇವೂ ಸರಿಸುಮಾರು ಸಮ. ಹಳೆಯ ರಚನೆಯಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಬೇರೆ ಘಟಕಗಳಿದ್ದವು, ಅವನ್ನು ಎಣಿಕೆಗೆ ಸೇರಿಸಿರಲಿಲ್ಲ. ಹೊಸ ರಚನೆಯಲ್ಲಿ ಅವಕ್ಕೆ ದಶಮಾಂಶದ ಲೆಕ್ಕವನ್ನೂ ಕಲಿಸಿ, ಎಣಿಕೆಗೆ ಸೇರಿಸಲಾಯಿತು. ಆದರೆ ಪೂರ್ಣಾಂಕದ ಕೆಲಸ ಬಂದಾಗ ಅವು ಆ ಕಡೆಗೆ ಹೋಗಲೇಬೇಕು. ಆಟಗಳಲ್ಲಿ 100 ದಶಮಾಂಶಕ್ರಿಯೆಗಳಿಗೆ ಸುಮಾರು 36 ಪೂರ್ಣಾಂಕಕ್ರಿಯೆಗಳು ಬರುತ್ತವೆಂದು ಎನ್‌ವಿಡಿಯಾ ಸಂಸ್ಥೆಯೇ 2018ರಲ್ಲಿ ತಿಳಿಸಿತ್ತು. ಹೀಗೆ ‘ಘಟಕ’ವೆಂಬ ಪದವು ಉಳಿದು ಅದರ ಅರ್ಥ ಬದಲಾಯಿತು.

ಹಾಗಾದರೆ ಪಟ್ಟಿಯನ್ನು ಬದಿಗಿರಿಸಿ, ಅಳತೆಯನ್ನೇ ಪ್ರಮಾಣವಾಗಿ ಅಂಗೀಕರಿಸಬಹುದೇ? ಅದೂ ಸಾಲದೆಂಬುದಕ್ಕೆ ಜಿಟಿಎಕ್ಸ್ 970ರ ವೃತ್ತಾಂತವು ಸಾಕ್ಷಿ. 2014ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಈ ಕಾರ್ಡಿನ ಪಟ್ಟಿಯಲ್ಲಿ 4 ಗಿಗಾಬೈಟು ಮೆಮೊರಿಯೆಂದಿತ್ತು. 2015ರ ಜನವರಿಯಲ್ಲಿ ತಿಳಿದುಬಂದದ್ದೇನೆಂದರೆ, ಆ ನಾಲ್ಕರಲ್ಲಿ ಮೂರೂವರೆ ಮಾತ್ರ ಸೆಕೆಂಡಿಗೆ 196 ಗಿಗಾಬೈಟಿನ ವೇಗದ್ದು. ಉಳಿದ ಅರ್ಧದ ವೇಗ ಕೇವಲ 28. ಬಿಂದುಗಳನ್ನು ಬರೆಯುವ ಘಟಕಗಳೂ 64 ಅಲ್ಲ, 56. ತಾಂತ್ರಿಕ ವಿಭಾಗಕ್ಕೂ ಪ್ರಚಾರ ವಿಭಾಗಕ್ಕೂ ನಡುವೆ ತಿಳಿವಳಿಕೆ ತಪ್ಪಿತೆಂದು ಸಂಸ್ಥೆ ಸಮಾಧಾನ ಹೇಳಿತು. ಅಮೆರಿಕದಲ್ಲಿ ನಡೆದ ವ್ಯಾಜ್ಯವು 2016ರಲ್ಲಿ ಕಾರ್ಡೊಂದಕ್ಕೆ 30 ಡಾಲರಿನಂತೆ ರಾಜಿಯಾಯಿತು. ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಸತ್ಯವು ಹೊರಬಿದ್ದ ಮಾತ್ರಕ್ಕೆ ಹಿಂದೆ ಅಳೆದ ಫಲಿತಾಂಶಗಳೇನೂ ಬದಲಾಗಲಿಲ್ಲ. ಕೊಂಡವನ ನಷ್ಟವೇನೆಂದು ಕೇಳಿದವರೂ ಇದ್ದರು. ಈ ಸಮರ್ಥನೆ ನಮಗೆ ಒಪ್ಪಿಗೆಯಾಗದು. ಅಳತೆಯು ಅಂದಿದ್ದ ಆಟಗಳಿಗೆ ಸಂಬಂಧಿಸಿದ್ದು. ಇನ್ನೂ ಹುಟ್ಟದ ಆಟಗಳ ವಿಷಯದಲ್ಲಿ ಕೊಳ್ಳುವವನಿಗಿರುವ ಆಧಾರ ಪಟ್ಟಿಯ ಮಾತೊಂದೇ. ಕಾರ್ಡನ್ನು ನಾಲ್ಕೈದು ವರ್ಷ ಬಳಸಬೇಕಾದ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಅಳೆಯುವ ಕ್ರಮದಲ್ಲಿಯೂ ದೋಷಗಳುಂಟು. ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮುಗಳೆಂದು ಹೇಳುವುದು ರೂಢಿ. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದು, ಕಡೆಯದೊಂದು 410 ಮಿಲಿಸೆಕೆಂಡು ತಡೆದರೂ ಸರಾಸರಿ 60ಾಗಿಯೇ ಇರುತ್ತದೆ. ನೋಡುವವನ ಕಣ್ಣಿಗೆ ಮಾತ್ರ ಚಿತ್ರ ನಿಂತುಹೋಗಿರುತ್ತದೆ. 2011ರಲ್ಲಿ ‘ಟೆಕ್ ರಿಪೋರ್ಟ್’ನ ಸ್ಕಾಟ್ ವಾಸನ್ ಅವರು ಒಂದೊಂದು ಫ್ರೇಮಿನ ಕಾಲವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದು ವಾದಿಸಿದರು. ಈ ಕ್ಷೇತ್ರದ ವಿಮರ್ಶೆಗೆ ಶಾಸ್ತ್ರೀಯತೆ ಬಂದುದು ಬಹುಶಃ ಅಲ್ಲಿಂದ ಈಚೆಗೆ. 2023ರಲ್ಲಿ ಆರ್‌ಟಿಎಕ್ಸ್ 4060 ಟಿಐ ಕಾರ್ಡು 8 ಮತ್ತು 16 ಗಿಗಾಬೈಟುಗಳ ಎರಡು ರೂಪಗಳಲ್ಲಿ ಬಂದಿತು. ಘಟಕಗಳೂ ಬ್ಯಾಂಡ್‌ವಿಡ್ತೂ ಒಂದೇ. ಅನೇಕ ಆಟಗಳಲ್ಲಿ ಸರಾಸರಿಯೂ ಒಂದೇ. ಆದರೆ ಎಂಟಕ್ಕೆ ಮೀರಿದ ಮೆಮೊರಿಯನ್ನು ಬೇಡುವ ಆಟಗಳಲ್ಲಿ ಚಿಕ್ಕ ಕಾರ್ಡು ಮುಗ್ಗರಿಸಿತು.

ಇನ್ನು ಹೆಸರಿನ ಮಾತು. ತಾರ್ಕಿಕರು ಅತಿವ್ಯಾಪ್ತಿಯೆಂದು ಕರೆಯುವ ದೋಷಕ್ಕೆ ಇಲ್ಲಿ ಉದಾಹರಣೆಗಳು ಧಾರಾಳ. 2016ರ ಜಿಟಿಎಕ್ಸ್ 1060ರ 3 ಮತ್ತು 6 ಗಿಗಾಬೈಟಿನ ರೂಪಗಳಲ್ಲಿ ಮೆಮೊರಿ ಮಾತ್ರವಲ್ಲದೆ ಘಟಕಗಳೂ ಬೇರೆ: 1152 ಮತ್ತು 1280. 2022ರಲ್ಲಿ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಡಿ ಎರಡು ಭಿನ್ನ ಕಾರ್ಡುಗಳನ್ನು ಘೋಷಿಸಿ, ಆಕ್ಷೇಪಣೆ ಬಂದ ಮೇಲೆ ಚಿಕ್ಕದನ್ನು ಹಿಂದಕ್ಕೆ ಪಡೆದರು. ಮುಂದಿನ ಜನವರಿಯಲ್ಲಿ ಅದೇ 4070 ಟಿಐ ಎಂಬ ಹೆಸರಿನಿಂದ ಬಂದಿತು.

ಕಾಲೇಜುಗಳಿಗೆ ಹೆಚ್ಚು ಹತ್ತಿರದ ಉದಾಹರಣೆ ಜಿಟಿ 1030. 2017ರಲ್ಲಿ ಬಂದ ಈ ಅಗ್ಗದ ಕಾರ್ಡಿನ ಮೆಮೊರಿ ಜಿಡಿಡಿಆರ್5 ಬಗೆಯದು, ಬ್ಯಾಂಡ್‌ವಿಡ್ತ್ 48 ಗಿಗಾಬೈಟು. 2018ರಲ್ಲಿ ಅದೇ ಹೆಸರಿನಿಂದ, ಅದೇ 384 ಘಟಕಗಳೊಡನೆ, ಡಿಡಿಆರ್4 ಮೆಮೊರಿಯ ರೂಪವೊಂದು ಬಂದಿತು. ಅದರ ಬ್ಯಾಂಡ್‌ವಿಡ್ತ್ 16.8. ಹಲವು ಆಟಗಳಲ್ಲಿ ಇದರ ವೇಗ ಮೊದಲಿನದರ ಅರ್ಧದಷ್ಟೆಂದು ಅಳೆದವರು ಕಂಡಿದ್ದಾರೆ. ಪ್ರಯೋಗಶಾಲೆಗೆಂದು ‘ಜಿಟಿ 1030, 2 ಜಿ.ಬಿ.’ ಎಂದಷ್ಟೇ ಇಂಡೆಂಟಿನಲ್ಲಿ ಬರೆದರೆ ಎರಡೂ ಅದಕ್ಕೆ ಸಲ್ಲುತ್ತವೆ. ಕನಿಷ್ಠ ದರದ ಕೊಟೇಷನ್ನನ್ನು ಒಪ್ಪುವ ನಿಯಮದಂತೆ ಎರಡನೆಯದೇ ಬರುವ ಸಂಭವ ಹೆಚ್ಚು. ಸ್ಟಾಕು ಪರಿಶೀಲನೆಯಲ್ಲಿ ಅದು ಯಾವ ಆಕ್ಷೇಪಣೆಯೂ ಇಲ್ಲದೆ ತೇರ್ಗಡೆಯಾಗುತ್ತದೆ.