‘ಓಡೋವರೆಗೂ ಓಡಲಿ’ ಎಂಬ ಗ್ಯಾರೇಜು ಶಾಸ್ತ್ರ

ಗಾಡಿಯ ಯಾವ ಭಾಗವೂ ಕೈಕೊಡುವವರೆಗೆ ಅದನ್ನು ಮುಟ್ಟಬಾರದು ಎಂಬುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗ್ಯಾರೇಜುಗಳಲ್ಲಿ ಯಾರೂ ಬರೆದಿಡದೆ ನಡೆದುಕೊಂಡು ಬಂದ ಶಾಸ್ತ್ರ. ‘ಓಡ್ತದೆ ಬಿಡಣ್ಣಾ, ಹೋದಾಗ ನೋಡ್ಕೊಳ್ಳೋಣ’ ಎಂಬುದು ಅದರ ಮೂಲಸೂತ್ರ. ಕಂಪನಿ ಸರ್ವಿಸ್ ಸೆಂಟರುಗಳದು ಇದಕ್ಕೆ ನೇರ ಎದುರು ಪಂಥ: ಇಷ್ಟು ಕಿಲೋಮೀಟರ್ ಆಯಿತೇ, ಬದಲಿಸಿ. ಮೊದಲನೆಯದು ಬೇಜವಾಬ್ದಾರಿ, ಎರಡನೆಯದು ವಿಜ್ಞಾನ ಎಂದು ಹೇಳುವುದು ರೂಢಿ. ನನಗೆ ಇದು ಒಪ್ಪಿಗೆಯಿಲ್ಲ. ಗ್ಯಾರೇಜು ಶಾಸ್ತ್ರ ಮುಕ್ಕಾಲು ಪಾಲು ಸರಿ. ಆದರೆ ಉಳಿದ ಕಾಲು ಪಾಲಿನಲ್ಲಿ ಅದು ಮಾಡುವ ತಪ್ಪು ಇಡೀ ಎಂಜಿನ್ನನ್ನೇ ನುಂಗಿಬಿಡುತ್ತದೆ.

ಈ ಶಾಸ್ತ್ರ ಹುಟ್ಟಿದ್ದು ಸೋಮಾರಿತನದಿಂದಲ್ಲ, ಇಲ್ಲಿಯ ಬೆಳೆಯ ಲೆಕ್ಕಾಚಾರದಿಂದ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ಹೊಲದಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸ್ ಸಾಗಿಸುವುದು ಸಣ್ಣ ಗಾಡಿಯವರ ಕೈಗೂ ಬಂತು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತಲ್ಲ, ಅಂಥ ದಿನಗಳಲ್ಲಿ ಗಾಡಿಯನ್ನು ಒಂದು ಹೊತ್ತು ನಿಲ್ಲಿಸಿ ಬೆಲ್ಟ್ ಬದಲಿಸಲು ಯಾವ ಓನರ್ ಒಪ್ಪುತ್ತಾನೆ? ಬೆಲೆ ಬಿದ್ದು ಹಣ್ಣನ್ನು ರಸ್ತೆಬದಿಗೆ ಸುರಿಯುವ ದಿನಗಳಲ್ಲಿ ಗಾಡಿ ಹೇಗೂ ನಿಂತಿರುತ್ತದೆ, ಆದರೆ ಜೇಬಿನಲ್ಲಿ ಕಾಸಿರುವುದಿಲ್ಲ. ಶ್ರೀನಿವಾಸಪುರದ ಮಾವಿನ ಗಾಡಿಗಳ ಪಾಡೂ ಇದೇ. ಮೇ-ಜೂನ್‌ನಲ್ಲಿ ಹಗಲು-ರಾತ್ರಿ ದುಡಿಮೆ, ಆಮೇಲೆ ಸಾಲದ ಕಂತಿನ ಚಿಂತೆ. ದುಡ್ಡಿದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ದುಡ್ಡಿಲ್ಲ. ಕಂಪನಿಯ ಮ್ಯಾನುವಲ್‌ ಬರೆಯುವವರಿಗೆ ಈ ಗೋಳು ಗೊತ್ತಿಲ್ಲ.

ಮ್ಯಾನುವಲ್‌ನ ಕೋಷ್ಟಕಕ್ಕೆ ಇರುವ ಘನತೆಯೂ ಕೊಂಚ ಉತ್ಪ್ರೇಕ್ಷೆಯದೇ. ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ನೋಲನ್ ಮತ್ತು ಹೀಪ್ 1978ರಲ್ಲಿ ಕೊಟ್ಟ ವರದಿಯೊಂದಿದೆ. ವಿಮಾನದ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುವಂಥವು ಶೇ. 11ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಶೇ. 68ರಷ್ಟು ಭಾಗಗಳು ಹೊಸತರಲ್ಲೇ ಹೆಚ್ಚು ಕೆಡುತ್ತಿದ್ದವು, ಆ ಗಂಡಾಂತರ ದಾಟಿದರೆ ಎಷ್ಟೋ ಕಾಲ ಬಾಳುತ್ತಿದ್ದವು. ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚಿ ಹೊಸದನ್ನು ಹಾಕುವುದೇ ಒಂದು ಅಪಾಯ ಎಂದಂತಾಯಿತು. ನಮ್ಮ ಮೆಕ್ಯಾನಿಕ್‌ಗಳು ಯಾವ ವರದಿಯನ್ನೂ ಓದದೆ ಇದನ್ನು ಬಲ್ಲರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಬಂದ ಪೊಟ್ಟಣದಲ್ಲಿರುವುದು ಒರಿಜಿನಲ್ಲೋ ಡೂಪ್ಲಿಕೇಟೋ ಎಂಬ ಅನುಮಾನವಿದ್ದಾಗ, ಒಂದು ಲಕ್ಷ ಕಿಲೋಮೀಟರ್ ದುಡಿದ ಹಳೆಯ ಆಲ್ಟರ್ನೇಟರೇ ಹೆಚ್ಚು ನಂಬಿಕಸ್ತ. ಸ್ಟಾರ್ಟರ್, ಆಲ್ಟರ್ನೇಟರ್, ಸೆನ್ಸರ್ ಇವನ್ನೆಲ್ಲ ವಯಸ್ಸು ನೋಡಿ ಬದಲಿಸುವುದು ದುಡ್ಡು ದಂಡ. ಕೆಡುವ ಮುನ್ನ ಅವು ಸಾಮಾನ್ಯವಾಗಿ ಸುಳಿವು ಕೊಡುತ್ತವೆ. ಕೊಡದಿದ್ದರೂ ಗಾಡಿ ನಿಲ್ಲುತ್ತದೆಯೇ ಹೊರತು ಎಂಜಿನ್ ಒಡೆಯುವುದಿಲ್ಲ.

ಟೈಮಿಂಗ್ ಬೆಲ್ಟಿನ ವಿಷಯಕ್ಕೆ ಬಂದರೆ ಈ ಶಾಸ್ತ್ರ ಮುಗ್ಗರಿಸುತ್ತದೆ. ಹಲ್ಲುಗಳಿರುವ ಈ ರಬ್ಬರ್ ಪಟ್ಟಿ ಕವರಿನೊಳಗೆ ಅಡಗಿರುತ್ತದೆ. ಸದ್ದು ಮಾಡುವುದಿಲ್ಲ, ಸೋರುವುದಿಲ್ಲ, ದೂರುವುದಿಲ್ಲ. ಹರಿದ ಕ್ಷಣ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ಓಡುತ್ತಲೇ ಇರುತ್ತದೆ. ತೆರೆದು ನಿಂತ ವಾಲ್ವುಗಳಿಗೆ ಕೆಳಗಿನಿಂದ ಬಂದ ಪಿಸ್ಟನ್ ಗುದ್ದುತ್ತದೆ. ವಾಲ್ವು ಬಾಗಿದರೆ ಹೆಡ್ ಬಿಚ್ಚಿ ಲೇತಿಗೆ ಒಯ್ಯಬೇಕು. ಪಿಸ್ಟನ್ನಿಗೂ ಪೆಟ್ಟಾಗಿದ್ದರೆ ಎಂಜಿನ್ ಕೆಲಸವೇ ಆದಂತೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಜಾಗ ತೀರಾ ಕಿರಿದಾದ್ದರಿಂದ ಏಟು ತಪ್ಪುವುದು ಕಷ್ಟ. ಕೆಲವು ಸಾವಿರದ ಬೆಲ್ಟನ್ನು ಉಳಿಸಲು ಹೋಗಿ ಅದರ ಹತ್ತಾರು ಪಟ್ಟು ಕಳೆದುಕೊಳ್ಳುವ ಜಾಗ ಇದು. ಗಾಡಿ ಹೆಚ್ಚು ಓಡಿಲ್ಲ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಶೆಡ್ಡಿನಲ್ಲಿ ನಿಂತಿದ್ದರೂ ರಬ್ಬರ್ ಮುದಿಯಾಗುತ್ತದೆ.

ಬೆಂಗಳೂರು-ಚಿತ್ತೂರು ಹೆದ್ದಾರಿಯಲ್ಲಿ ಬಾಡಿಗೆಗೆ ಓಡಿದ ಕ್ವಾಲಿಸ್, ಹಳೆಯ 2.5 ಲೀಟರ್ ಇನ್ನೋವಾಗಳಲ್ಲಿ ಇದ್ದದ್ದು ಬೆಲ್ಟೇ. ಇನ್ನೋವಾದ ಮೀಟರಿನಲ್ಲಿ ನಿಗದಿತ ಕಿಲೋಮೀಟರ್ ಮುಗಿದಾಗ ‘ಟಿ-ಬೆಲ್ಟ್’ ಎಂಬ ದೀಪ ಹೊತ್ತಿಕೊಳ್ಳುತ್ತದೆ. ಕಂಪನಿ ಇಷ್ಟು ಮುಂದಾಲೋಚನೆ ಮಾಡಿದೆಯಲ್ಲ ಎಂದು ಮೆಚ್ಚಬೇಕು. ತೊಂದರೆಯೆಂದರೆ ದೀಪಕ್ಕೆ ಬೆಲ್ಟಿನ ಹಾಲು ಹವಾಲು ಒಂದೂ ತಿಳಿಯದು, ಅದು ಎಣಿಸುವುದು ಕಿಲೋಮೀಟರನ್ನು ಮಾತ್ರ. ಬೆಲ್ಟ್ ಬದಲಿಸದೆಯೇ ಅದನ್ನು ಆರಿಸಲೂಬಹುದು. ಡಸ್ಟರ್, ಲೋಗನ್‌ಗಳ 1.5 ಲೀಟರ್ ಡೀಸೆಲ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಪಂಪಿನ ಬೇರಿಂಗ್ ಬಿಗಿದುಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಅಂಥ ಎಂಜಿನ್ನಿಗೆ ಬೆಲ್ಟ್ ಒಂದನ್ನೇ ಹಾಕಿ, ‘ಪಂಪು ಚೆನ್ನಾಗಿದೆ, ಇರ್ಲಿ’ ಎನ್ನುವ ಉಳಿತಾಯ ಅರ್ಧಂಬರ್ಧದ್ದು. ಹೇಗೂ ಬಿಚ್ಚುವ ಕೂಲಿ ಕೊಟ್ಟಾಗಿದೆ. ಟೆನ್ಷನರ್, ಪಂಪು ಎರಡನ್ನೂ ಆಗಲೇ ಬದಲಿಸುವುದು ಲೇಸು.

ಚೈನಿರುವ ಎಂಜಿನ್ ಈ ವಿಷಯದಲ್ಲಿ ಸಭ್ಯ. ಸವೆದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಗಲಗಲ ಎಂದು ಹೇಳಿಕೊಳ್ಳುತ್ತದೆ. ಆಯಿಲ್ ಹೊತ್ತಿಗೆ ಬದಲಾದರೆ ಅದಕ್ಕೆ ಅಷ್ಟೇ ಸಾಕು.

ಎರಡನೆಯ ತಪ್ಪು ನೀರಿನದು, ಮತ್ತು ಇದು ಅಪ್ಪಟ ಕೋಲಾರದ್ದು. ಬೋರ್‌ವೆಲ್ ಸಾವಿರ ಅಡಿ ದಾಟಿದ ನಾಡು ಇದು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವಷ್ಟು ಗಡಸು ನೀರು. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಇಲ್ಲಿಯ ಕೆರೆಗಳಿಗೆ ಬಂದ ಮೇಲೂ ಗ್ಯಾರೇಜಿನ ಕ್ಯಾನಿನಲ್ಲಿರುವುದು ಬೋರ್ ನೀರೇ. ಕೂಲೆಂಟ್ ಕಡಿಮೆಯಾದಾಗ ಅದನ್ನೇ ರೇಡಿಯೇಟರಿಗೆ ಹೊಯ್ಯುತ್ತಾರೆ. ಕರೆ ಕಟ್ಟಿ ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡರೆ ‘ಆ ವಾಲ್ವನ್ನೇ ತೆಗೆದುಬಿಡಿ’ ಎಂಬ ಪರಿಹಾರ ಸಿದ್ಧವಾಗಿರುತ್ತದೆ. ತೆಗೆದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರಿನ ಬೋರ್ ಬೇಗ ಸವೆಯುತ್ತದೆ. ಅಗ್ಗದ ಭಾಗವೊಂದನ್ನು ಉಳಿಸಿ ದುಬಾರಿ ಭಾಗವನ್ನು ತೇಯುವುದನ್ನು ನಾನು ಉಪಾಯ ಎನ್ನಲಾರೆ. ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು ರೇಡಿಯೇಟರಿನ ರೆಕ್ಕೆಗಳಿಗೆ ಹೊರಗಿನಿಂದ ಮೆತ್ತಿಕೊಂಡರೆ, ಕರೆ ಒಳಗಿನಿಂದ ಕಟ್ಟಿಕೊಳ್ಳುತ್ತದೆ. ಒಂದು ಮಧ್ಯಾಹ್ನ ಲೋಡು ಹೊತ್ತು ದಿಣ್ಣೆ ಹತ್ತುವಾಗ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಹೋಸ್ ಒಡೆದು ನೀರು ಸೋರಿಹೋದರೂ ಗತಿ ಇದೇ. ಅದನ್ನು ಮೊದಲೇ ಕಂಡುಕೊಳ್ಳಲು ಬೇಕಾದದ್ದು ಬೆರಳು ಮಾತ್ರ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಬೇಕು. ಗಟ್ಟಿಮುಟ್ಟಾದದ್ದು ಒತ್ತಿದಷ್ಟೇ ಬೇಗ ಹಿಂದಕ್ಕೆ ಬರುತ್ತದೆ. ಮುದಿಯಾದದ್ದು ಒಣಗಿ ಕರಕರ ಎನ್ನುತ್ತದೆ, ಇಲ್ಲವೇ ಕ್ಲಿಪ್ಪಿನ ಪಕ್ಕದಲ್ಲಿ ಮೆತ್ತಗೆ ಉಬ್ಬಿರುತ್ತದೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ ಹಾಕುವ ಕೈ ಅದನ್ನು ಎತ್ತಿ ಇಷ್ಟು ಮಾಡಿದರೂ ಸಾಕು. ಸರ್ಕಾರ ನೋಡಿಕೊಳ್ಳುತ್ತದೆ ಎನ್ನುವಂತಿಲ್ಲ. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಆಗಬೇಕು, ನಿಜ. ಅಲ್ಲಿ ನೋಡುವುದು ಬ್ರೇಕು, ಲೈಟು, ಹೊಗೆ. ಟೈಮಿಂಗ್ ಕವರನ್ನು ಯಾರೂ ಬಿಚ್ಚುವುದಿಲ್ಲ.

ಈ ವಿವೇಕ ನಮ್ಮ ಜಿಲ್ಲೆಗೆ ಹೊಸದೇನಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆಳುಗಳನ್ನು ಇಳಿಸಿ ಏರಿಸುವ ಉಕ್ಕಿನ ಹಗ್ಗದ ತುದಿಯನ್ನು ಕಾಲಕಾಲಕ್ಕೆ ಕತ್ತರಿಸಿ ಪರೀಕ್ಷಿಸುವುದು, ಕಣ್ಣಿಗೆ ಚೆನ್ನಾಗಿ ಕಂಡರೂ ಅವಧಿ ಮುಗಿದರೆ ತೆಗೆದುಹಾಕುವುದು ಗಣಿಯ ಕಟ್ಟಳೆಯಾಗಿತ್ತು. ಬಲ್ಬನ್ನಾದರೆ ಹೋದ ಮೇಲೆ ಬದಲಿಸಿದರೂ ನಡೆಯುತ್ತದೆ. ಯಾವ ಭಾಗ ಎಷ್ಟು ಹಳೆಯದು ಎನ್ನುವುದಕ್ಕಿಂತ, ಹೋಗುವಾಗ ಅದು ತನ್ನ ಜೊತೆ ಏನನ್ನು ಕೊಂಡೊಯ್ಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. ಗ್ಯಾರೇಜಾಗಲಿ ಕಂಪನಿಯಾಗಲಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳುತ್ತಿಲ್ಲ.

ಇನ್ನು ಹಳೆ ಗಾಡಿ ಕೊಳ್ಳುವವರ ಮಾತು, ಏಕೆಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲ ಗಾಡಿ ಸೆಕೆಂಡ್‌ಹ್ಯಾಂಡೇ ಆಗಿರುವವರು ಬಹಳ. ‘ಬೆಲ್ಟ್ ಹೋದ ವರ್ಷ ಹಾಕಿಸಿದೀವಿ’ ಎಂದು ಬ್ರೋಕರ್ ಹೇಳಿದರೆ ಬಿಲ್ ಕೇಳಬೇಕು. ಅದರಲ್ಲಿ ತಾರೀಖು, ಕಿಲೋಮೀಟರ್ ಎರಡೂ ಇರಬೇಕು. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಾಗಿಲ್ಲ ಎಂದೇ ಹಿಡಿದು, ಬೆಲ್ಟು, ಟೆನ್ಷನರ್, ಹೋಸುಗಳು, ಕೂಲೆಂಟ್ ಇಷ್ಟರ ಖರ್ಚನ್ನು ಗಾಡಿಯ ಬೆಲೆಯಲ್ಲಿ ಮುರಿದುಕೊಳ್ಳಬೇಕು. ಆಯಿಲ್, ಬ್ರೇಕಿನಂಥವನ್ನು ಬಿಟ್ಟರೆ ಉಳಿದುದನ್ನೆಲ್ಲ ಓಡೋವರೆಗೂ ಓಡಿಸಬಹುದು.