ಸಂದೇಶ ಸರ್ವರಿನ ಪ್ರಮಾಣಪತ್ರ: ಗಳಿಕೆಯೂ ಪಾಲನೆಯೂ

ದಿನನಿತ್ಯದ ಕುಶಲಪ್ರಶ್ನೆಯಿಂದ ಮೊದಲ್ಗೊಂಡು ಸಂಘಸಂಸ್ಥೆಗಳ ಲೆಕ್ಕಾಚಾರದವರೆಗಿನ ತಮ್ಮ ಮಾತುಕತೆಯನ್ನು ದೊಡ್ಡ ಕಂಪನಿಗಳ ಕೈಗೆ ಒಪ್ಪಿಸದೆ ಸ್ವಂತ ಸರ್ವರಿನಲ್ಲಿಯೇ ಇಟ್ಟುಕೊಳ್ಳಬೇಕೆಂದು ಬಯಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಎಕ್ಸ್‌ಎಂಪಿಪಿ, ಮ್ಯಾಟ್ರಿಕ್ಸ್ ಎಂಬ ಎರಡು ಮುಕ್ತ ವ್ಯವಸ್ಥೆಗಳು ಆ ಬಯಕೆಯನ್ನು ಸಾಧ್ಯಗೊಳಿಸಿವೆ. ಈ ಸ್ವಾತಂತ್ರ್ಯವನ್ನು ಸ್ವೀಕರಿಸಿದವನು ಅದರೊಡನೆ ಒಂದು ಹೊಣೆಯನ್ನೂ ಸ್ವೀಕರಿಸಿರುತ್ತಾನೆ. ತನ್ನ ಸರ್ವರನ್ನು ಅರಸಿ ಬರುವ ಪ್ರತಿಯೊಂದು ಫೋನೂ, ಪ್ರತಿಯೊಂದು ಹೊರಗಿನ ಸರ್ವರೂ, ತಾನು ಬಂದು ಸೇರಿರುವುದು ಉದ್ದೇಶಿಸಿದ ಹೆಸರಿನವರ ಬಳಿಗೇ ಹೌದೆ ಎಂದು ಪರೀಕ್ಷಿಸಿದಾಗ, ಸಂದೇಹಕ್ಕೆ ಎಡೆಯಿಲ್ಲದಂತೆ ಉತ್ತರ ಕೊಡತಕ್ಕ ಹೊಣೆ ಅದು. ಟಿಎಲ್‌ಎಸ್ ಪ್ರಮಾಣಪತ್ರ ಇರುವುದು ಅದಕ್ಕಾಗಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಪ್ರಮಾಣಪತ್ರವನ್ನು ಉಚಿತವಾಗಿ ಪಡೆದು, ಸರ್ಟ್‌ಬಾಟ್‌ನಂಥ ತಂತ್ರಾಂಶಕ್ಕೆ ಅದರ ನವೀಕರಣವನ್ನು ವಹಿಸಿ, ಸರ್ವರಿಗೆ ಕಡತ ಇರುವ ಸ್ಥಳವನ್ನು ತೋರಿಸಿ ಕೈತೊಳೆದುಕೊಳ್ಳುವ ಒಂದು ಪದ್ಧತಿ ಈಚೆಗೆ ರೂಢಿಗೆ ಬಂದಿದೆ. ಅದರ ಗುಣದೋಷಗಳನ್ನು ವಿವೇಚಿಸುವುದು ಇಲ್ಲಿಯ ಉದ್ದೇಶ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಎಕ್ಸ್‌ಎಂಪಿಪಿಯ ಮೂಲವಾದ ಜ್ಯಾಬರ್ ಯೋಜನೆಯನ್ನು ಜೆರೆಮಿ ಮಿಲ್ಲರ್ 1999ರಲ್ಲಿ ಲೋಕದ ಮುಂದಿಟ್ಟಂದಿನಿಂದ ಬಹುಕಾಲದವರೆಗೆ, ಪ್ರಮಾಣಪತ್ರಕ್ಕೆ ಹಣ ತೆರಲಾರದ ಸಣ್ಣ ಸರ್ವರುಗಳು ತಮಗೆ ತಾವೇ ಸಹಿಮಾಡಿಕೊಂಡ ಪತ್ರವನ್ನು ತೋರಿಸುತ್ತಿದ್ದುವು. ಎಷ್ಟೋ ಕಡೆ ಸರ್ವರು ಸರ್ವರುಗಳ ನಡುವಣ ಸಂದೇಶ ಅಂಚೆಯ ಕಾರ್ಡಿನಂತೆ ದಾರಿಯವರೆಲ್ಲರ ಕಣ್ಣಿಗೂ ತೆರೆದೇ ಸಾಗುತ್ತಿತ್ತು. 2013ರಲ್ಲಿ ಎಡ್ವರ್ಡ್ ಸ್ನೋಡನ್ ಬಯಲಿಗೆ ತಂದ ಸರ್ಕಾರಿ ಕಣ್ಗಾವಲಿನ ಸಂಗತಿಗಳಿಂದ ಎಚ್ಚೆತ್ತ ಎಕ್ಸ್‌ಎಂಪಿಪಿ ಬಳಗದವರು, 2014ರ ಮೇ 19ರಿಂದ ಗೂಢಲಿಪೀಕರಣವಿಲ್ಲದ ಸಂಪರ್ಕವನ್ನು ನಿರಾಕರಿಸುವುದೆಂದು ಪ್ರತಿಜ್ಞೆಮಾಡಿಕೊಂಡರು. ಆ ಪ್ರತಿಜ್ಞೆ ಬಡವನಿಗೂ ನಿಲುಕುವಂತಾದುದು 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಾರ್ವಜನಿಕರಿಗೆ ತೆರೆದುಕೊಂಡಾಗ. ಪ್ರಮಾಣಪತ್ರವನ್ನು ಯಂತ್ರವೇ ಕೇಳಿ ಯಂತ್ರವೇ ಪಡೆಯುವ ಆಕ್ಮಿ ವಿಧಾನ 2019ರ ಮಾರ್ಚಿಯಲ್ಲಿ ಆರ್‌ಎಫ್‌ಸಿ 8555 ಆಗಿ ಅಂಗೀಕೃತವಾಯಿತು. ಅದೇ ವರ್ಷದ ಜೂನಿನಲ್ಲಿ ಮ್ಯಾಟ್ರಿಕ್ಸಿನ ಸಿನಾಪ್ಸ್ ಸರ್ವರಿನ 1.0 ಆವೃತ್ತಿ, ಸ್ವಯಂಸಹಿಯ ಪತ್ರವನ್ನು ಸರ್ವರುಗಳ ನಡುವೆ ಒಪ್ಪುವ ಹಳೆಯ ರೂಢಿಯನ್ನು ಕೈಬಿಟ್ಟಿತು. ಧನಬಲವಿಲ್ಲದ ಸಂಘವೊಂದು ಬ್ಯಾಂಕಿನ ಸರ್ವರಿಗೆ ಸಮನಾದ ಗುರುತನ್ನು ಪಡೆಯಬಲ್ಲುದಾದದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಈ ಪದ್ಧತಿ ಜಾಲತಾಣಗಳ ಅಗತ್ಯವನ್ನು ಮುಂದಿಟ್ಟುಕೊಂಡು ಬೆಳೆದದ್ದು. ಸಂದೇಶ ಸರ್ವರಿನ ಸ್ವಭಾವ ಬೇರೆ. ಭೇದ ಮೊದಲು ಗೋಚರಿಸುವುದು ಹೆಸರಿನಲ್ಲಿ. ಸಂಸ್ಥೆಯೊಂದು ತನ್ನ ಮುಖ್ಯ ಡೊಮೈನಿನ ಹೆಸರಿನಲ್ಲಿ ಸದಸ್ಯರಿಗೆ ವಿಳಾಸ ಕೊಟ್ಟು, ಸರ್ವರನ್ನು ಮಾತ್ರ ಉಪಡೊಮೈನಿನ ಬೇರೊಂದು ಯಂತ್ರದಲ್ಲಿ ನಡೆಸುತ್ತದೆಯೆನ್ನೋಣ. ಜಾಲತಾಣದ ತರ್ಕವನ್ನೇ ನಂಬಿದ ನಿರ್ವಾಹಕನು ಯಂತ್ರದ ಹೆಸರಿಗೆ ಪ್ರಮಾಣಪತ್ರ ಪಡೆಯುತ್ತಾನೆ. ಎಕ್ಸ್‌ಎಂಪಿಪಿಯಾದರೋ ವಿಳಾಸದಲ್ಲಿ ಅಟ್ ಚಿಹ್ನೆಯ ಬಲಕ್ಕಿರುವ ಹೆಸರನ್ನೇ ಪತ್ರದಲ್ಲಿ ಹುಡುಕಿ, ಕಾಣದಿದ್ದರೆ ಬಾಗಿಲು ಮುಚ್ಚುತ್ತದೆ. ಇದು ಹಠವಲ್ಲ. ಸರ್ವರು ಇಂಥಲ್ಲಿದೆಯೆಂದು ತಿಳಿಸುವ ಡಿಎನ್‌ಎಸ್‌ನ ಎಸ್‌ಆರ್‌ವಿ ದಾಖಲೆಯನ್ನು ನಡುದಾರಿಯಲ್ಲಿ ತಿದ್ದಬಹುದಾದುದರಿಂದ, ಆ ದಾಖಲೆ ದಿಕ್ಕನ್ನು ತೋರಿಸಬಲ್ಲುದೇ ಹೊರತು ಗುರುತನ್ನು ಬದಲಿಸಲಾರದು. ಮ್ಯಾಟ್ರಿಕ್ಸಿನಲ್ಲಿಯೂ ತತ್ತ್ವ ಇದೇ: ಎಸ್‌ಆರ್‌ವಿಯ ಮೂಲಕ ಬಂದವರಿಗೆ ಮೂಲ ಹೆಸರಿನ ಪತ್ರವೇ ಬೇಕು; ಆದರೆ ಮುಖ್ಯ ಡೊಮೈನಿನಿಂದ ಎಚ್‌ಟಿಟಿಪಿಎಸ್ ಮೂಲಕ ಓದುವ ವೆಲ್‌ನೋನ್ ಕಡತ ಬೇರೆ ಹೆಸರನ್ನು ಹೇಳಿದ್ದರೆ, ಆ ಹೇಳಿಕೆ ತಾನೇ ಭದ್ರವಾದ ದಾರಿಯಿಂದ ಬಂದಿರುವುದರಿಂದ, ಬೇರೆ ಹೆಸರಿನ ಪತ್ರಕ್ಕೆ ಮಾನ್ಯತೆಯುಂಟು.

ಹೆಸರಿನ ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ಗುಂಪುಮಾತುಕತೆಯ ಕೊಠಡಿಗಳಿಗೂ ಚಿತ್ರಗಳನ್ನು ಇಡುವ ಸ್ಥಳಕ್ಕೂ ಪ್ರತ್ಯೇಕ ಉಪಡೊಮೈನುಗಳಿದ್ದರೆ ಅವೂ ಪತ್ರದಲ್ಲಿ ನಮೂದಾಗಿರಬೇಕು. ಮುಖ್ಯ ಡೊಮೈನಿನ ಜಾಲತಾಣ ಬೇರೆ ಯಂತ್ರದಲ್ಲಿದ್ದರೆ ಹೆಸರಿನ ಒಡೆತನವನ್ನು ತಿಳಿಯಲು ನಡೆಯುವ ಎಚ್‌ಟಿಟಿಪಿ ಪರೀಕ್ಷೆ ಅಲ್ಲಿಗೆ ಹೋಗಿ ವಿಫಲವಾಗುವುದರಿಂದ, ಡಿಎನ್‌ಎಸ್‌ನಲ್ಲಿ ದಾಖಲೆ ಬರೆದು ಒಡೆತನವನ್ನು ಸಾಬೀತುಪಡಿಸುವ ವಿಧಾನವೇ ತಕ್ಕುದು. ಕನ್ನಡ ಲಿಪಿಯಲ್ಲಿಯೇ 'ಭಾರತ' ಎಂದು ಕೊನೆಗೊಳ್ಳುವ ಡೊಮೈನನ್ನು ತೆಗೆದುಕೊಂಡವರು ನೆನಪಿಡಬೇಕಾದುದೊಂದುಂಟು: ಪ್ರಮಾಣಪತ್ರದೊಳಗೆ ಆ ಹೆಸರು ಕನ್ನಡದಲ್ಲಿ ಇರುವುದಿಲ್ಲ, ಪ್ಯೂನಿಕೋಡ್ ಎಂಬ ರೋಮನ್ ಅಕ್ಷರಗಳ ಸಂಕೇತರೂಪದಲ್ಲಿ ಇರುತ್ತದೆ, ಅರ್ಜಿಯಲ್ಲಿಯೂ ಆ ರೂಪವನ್ನೇ ಕೊಡುವುದು ಕ್ಷೇಮ.

ಎರಡನೆಯ ಭೇದ ಪ್ರಮಾಣಪತ್ರದ ಜೋಡಿಯಾಗಿ ಗುಟ್ಟಾಗಿರಬೇಕಾದ ಖಾಸಗಿ ಕೀಲಿಯದು. ಪ್ರೊಸೊಡಿ ಎಂಬ ಎಕ್ಸ್‌ಎಂಪಿಪಿ ಸರ್ವರನ್ನು ಹತ್ತಿರದಿಂದ ನೋಡಿದರೆ ಇದು ವಿಶದವಾಗುತ್ತದೆ. ಸರ್ಟ್‌ಬಾಟ್ ತಾನು ತಂದ ಕೀಲಿಯನ್ನು ರೂಟ್ ಬಳಕೆದಾರನೊಬ್ಬನೇ ಓದಬಲ್ಲಂತೆ ಇಡುತ್ತದೆ. ಪ್ರೊಸೊಡಿಯಾದರೋ, ಭದ್ರತೆಯ ದೃಷ್ಟಿಯಿಂದಲೇ, ಅಧಿಕಾರ ಕಡಮೆಯುಳ್ಳ ತನ್ನದೇ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಆದುದರಿಂದ ಕೀಲಿ ಕಣ್ಣೆದುರಿಗಿದ್ದರೂ ಅದಕ್ಕೆ ದಕ್ಕುವುದಿಲ್ಲ. ಇಲ್ಲಿ ತಾಳ್ಮೆಗೆಟ್ಟವರು ಫೋಲ್ಡರಿನ ಅನುಮತಿಯನ್ನು ಸಡಿಲಿಸಿ ಕೀಲಿಯನ್ನು ಯಂತ್ರದಲ್ಲಿರುವ ಎಲ್ಲ ತಂತ್ರಾಂಶಗಳಿಗೂ ಓದಲು ಬಿಟ್ಟುಬಿಡುತ್ತಾರೆ. ಯಾವ ರಹಸ್ಯದ ರಕ್ಷಣೆಗಾಗಿ ಇಷ್ಟೆಲ್ಲ ಪರಿಶ್ರಮವೋ ಆ ರಹಸ್ಯವನ್ನೇ ಹೀಗೆ ಬಿಟ್ಟುಕೊಡುವುದು ಅಕ್ಷಮ್ಯ. ಪ್ರೊಸೊಡಿಯ ಕರ್ತೃಗಳು ಇದಕ್ಕಾಗಿಯೇ 'ಪ್ರೊಸೊಡಿಸಿಟಿಎಲ್' ಉಪಕರಣದಲ್ಲಿ ಒಂದು ಆಮದು ಆದೇಶವನ್ನು ಇರಿಸಿದ್ದಾರೆ; ಅದು ಪತ್ರವನ್ನೂ ಕೀಲಿಯನ್ನೂ ಪ್ರೊಸೊಡಿಯ ಸ್ವಂತ ಫೋಲ್ಡರಿಗೆ ತಕ್ಕ ಅನುಮತಿಯೊಡನೆ ನಕಲು ಮಾಡಿ ಹೊಸ ಪತ್ರವನ್ನು ಓದಿಕೊಳ್ಳುವಂತೆ ಸರ್ವರಿಗೆ ತಿಳಿಸುತ್ತದೆ. ಈ ಆದೇಶವನ್ನು ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್ಕಿನಲ್ಲಿ ಬರೆದಿಟ್ಟರೆ ಪ್ರತಿಯೊಂದು ನವೀಕರಣದ ತರುವಾಯವೂ ಅದು ತಾನಾಗಿ ನಡೆಯುತ್ತದೆ.

ಈ ಒಂದು ಸಾಲನ್ನು ಮರೆತವನಿಗೆ ಒದಗುವ ಕಷ್ಟ ವಿಚಿತ್ರವಾದುದು. ಪತ್ರದ ಆಯುಸ್ಸು 90 ದಿನ. ಸರ್ಟ್‌ಬಾಟ್ ಸಾಮಾನ್ಯವಾಗಿ ಇನ್ನೂ 30 ದಿನಗಳು ಉಳಿದಿರುವಾಗಲೇ ನವೀಕರಿಸುತ್ತದೆ. ಡಿಸ್ಕಿನಲ್ಲಿ ಹೊಸ ಪತ್ರ ಸಿದ್ಧವಾಗಿದ್ದರೂ, ಹಳೆಯದನ್ನೇ ಸ್ಮೃತಿಯಲ್ಲಿ ಹಿಡಿದುಕೊಂಡಿರುವ ಸರ್ವರು ಅದನ್ನೇ ತೋರಿಸುತ್ತ ಒಂದು ತಿಂಗಳು ನಿರಾತಂಕವಾಗಿ ನಡೆದು, ಒಂದು ಮುಂಜಾನೆ ಸದಸ್ಯರೆಲ್ಲರ ಫೋನುಗಳಿಂದಲೂ ತಿರಸ್ಕೃತವಾಗುತ್ತದೆ. ನಿರ್ವಾಹಕನು ಕಡತವನ್ನು ತೆರೆದು ನೋಡಿದರೆ ದಿನಾಂಕ ಸರಿಯಾಗಿಯೇ ಇರುತ್ತದೆ. ಕಾರಣ ಅರುವತ್ತನೆಯ ದಿನದ್ದು, ಕಾರ್ಯ ತೊಂಬತ್ತನೆಯ ದಿನದ್ದು. ನಡುವಣ ತಿಂಗಳ ಮೌನವೇ ದೋಷವನ್ನು ಮರೆಮಾಡಿರುತ್ತದೆ. ಆದುದರಿಂದ ಪರೀಕ್ಷೆ ಕಡತದ ಮೇಲೆ ನಡೆದರೆ ಸಾಲದು. ಫೋನುಗಳು ಬರುವ 5222ನೆಯ ಪೋರ್ಟಿಗೂ, ಇತರ ಸರ್ವರುಗಳು ಬರುವ 5269ನೆಯ ಪೋರ್ಟಿಗೂ ಹೊರಗಿನಿಂದ ಓಪನ್‌ಎಸ್‌ಎಸ್‌ಎಲ್ ಮೂಲಕ ಸಂಪರ್ಕ ಬೆಳೆಸಿ, ಅಲ್ಲಿ ಕೈಗೆ ಬಂದ ಪತ್ರದ ದಿನಾಂಕವನ್ನು ಓದಬೇಕು.

ಈ ಹೊರಗಿನ ಪರೀಕ್ಷೆಯ ಬೆಲೆಯನ್ನು ಜ್ಯಾಬರ್.ಆರ್‌ಯು ಎಂಬ ಹಳೆಯ ರಷ್ಯನ್ ಸೇವೆಯ ಪ್ರಕರಣಕ್ಕಿಂತ ಸ್ಪಷ್ಟವಾಗಿ ಮತ್ತಾವುದೂ ತಿಳಿಸಲಾರದು. 2023ರ ಅಕ್ಟೋಬರಿನಲ್ಲಿ ಅದರ 5222ನೆಯ ಪೋರ್ಟಿಗೆ ಬಂದವರಿಗೆ ಪತ್ರದ ಅವಧಿ ಮುಗಿದಿದೆಯೆಂಬ ಎಚ್ಚರಿಕೆ ಕಾಣಿಸಿತು. ಸರ್ವರಿನಲ್ಲಿದ್ದ ಪತ್ರಕ್ಕೆ ಯಾವ ಊನವೂ ಇರಲಿಲ್ಲ. ಶೋಧಿಸಿದಾಗ ತಿಳಿದುದು ಇಷ್ಟು: ಜರ್ಮನಿಯಲ್ಲಿದ್ದ ಆ ಸರ್ವರುಗಳ ಮುಂದೆ ಯಾರೋ ಮಧ್ಯವರ್ತಿಯಾಗಿ ನಿಂತು, ಬರುವ ಸಂಚಾರವೆಲ್ಲ ತಮ್ಮ ಕೈಯಿಂದಲೇ ಹಾಯುವಂತೆ ಮಾಡಿ, ಅದೇ ಡೊಮೈನಿಗೆ ಲೆಟ್ಸ್ ಎನ್‌ಕ್ರಿಪ್ಟಿನಿಂದಲೇ ನೈಜ ಪ್ರಮಾಣಪತ್ರಗಳನ್ನು ಪಡೆದು, ತಿಂಗಳುಗಟ್ಟಲೆ ಸಂಪರ್ಕಗಳನ್ನು ಬಿಚ್ಚಿ ನೋಡುತ್ತಿದ್ದರು. ಅವರ ಒಂದು ಪತ್ರ ನವೀಕರಣವಾಗದೆ ಹೋದುದರಿಂದಲೇ ಅದು ಬಯಲಾಯಿತು. ಆ ಅನ್ಯಪತ್ರಗಳು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿಯ ಸಾರ್ವಜನಿಕ ದಾಖಲೆಯಲ್ಲಿ ಮೊದಲಿನಿಂದಲೂ ನಮೂದಾಗಿದ್ದುವು, ಓದುವವರಿರಲಿಲ್ಲ.

ಇದರಿಂದ ಸಿದ್ಧವಾಗುವುದು ಪದ್ಧತಿಯ ಮೂಲಮಿತಿ: ಯಂತ್ರ ಕೊಡುವ ಪ್ರಮಾಣ, ಆ ಹೆಸರಿಗೆ ಬರುವ ಸಂಚಾರ ಯಾರ ಕೈಯಲ್ಲಿದೆ ಎಂಬುದಕ್ಕೆ ಪ್ರಮಾಣ, ಹೆಸರಿನ ನಿಜವಾದ ಒಡೆಯ ಯಾರೆಂಬುದಕ್ಕಲ್ಲ. ಈ ಅಂತರವನ್ನು ಕಿರಿದುಗೊಳಿಸುವ ಸಾಧನಗಳು ಇಲ್ಲದಿಲ್ಲ. ಡಿಎನ್‌ಎಸ್‌ನಲ್ಲಿ ಸಿಎಎ ದಾಖಲೆ ಬರೆದು, ಆರ್‌ಎಫ್‌ಸಿ 8657 ತಿಳಿಸುವಂತೆ, ತನ್ನ ಆಕ್ಮಿ ಖಾತೆಯೊಂದಕ್ಕೇ ಪತ್ರ ಕೊಡತಕ್ಕದ್ದೆಂದು ನಿರ್ಬಂಧಿಸಬಹುದು. ತನ್ನ ಡೊಮೈನಿನ ಹೆಸರಿನಲ್ಲಿ ಹೊಸ ಪತ್ರ ಹೊರಟೊಡನೆ ತನಗೆ ತಿಳಿಯುವಂತೆ ಮಾಡಿಕೊಳ್ಳಬಹುದು. ಫೋನಿನ ಪ್ರವೇಶವನ್ನು ಆ ಟಿಎಲ್‌ಎಸ್ ಸಂಪರ್ಕಕ್ಕೇ ಕಟ್ಟಿಹಾಕುವ ಚಾನೆಲ್ ಬೈಂಡಿಂಗನ್ನು ಬಳಸಬಹುದು. ಒಮೆಮೊದಂಥ ತುದಿಯಿಂದ ತುದಿಯ ಗೂಢಲಿಪಿ ಸಂದೇಶದ ಒಡಲನ್ನು ಕಾಪಾಡಬಲ್ಲುದಾದರೂ, ಯಾರು ಯಾರೊಡನೆ ಯಾವಾಗ ಮಾತನಾಡಿದರೆಂಬುದನ್ನು ಮರೆಮಾಡಲಾರದಾದುದರಿಂದ, ಅದನ್ನು ನೆಚ್ಚಿ ಪ್ರಮಾಣಪತ್ರವನ್ನು ಉಪೇಕ್ಷಿಸುವುದು ತರವಲ್ಲ.

ಕಾಲವೂ ಉಪೇಕ್ಷೆಗೆ ಅನುಕೂಲವಾಗಿಲ್ಲ. ಅವಧಿ ಮುಗಿಯಲಿದೆಯೆಂದು ಇ-ಮೇಲಿನಿಂದ ಎಚ್ಚರಿಸುತ್ತಿದ್ದ ಸೇವೆಯನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನಿನಲ್ಲಿ ನಿಲ್ಲಿಸಿತು. ಪ್ರಮಾಣಪತ್ರಗಳ ಗರಿಷ್ಠ ಆಯುಸ್ಸನ್ನು 2029ರ ಮಾರ್ಚಿಯ ವೇಳೆಗೆ 47 ದಿನಗಳಿಗೆ ಇಳಿಸುವುದೆಂದು, ಪ್ರಮಾಣಪತ್ರ ನೀಡುವವರೂ ಬ್ರೌಸರ್ ತಯಾರಕರೂ ಕೂಡಿದ ಸಿಎ/ಬ್ರೌಸರ್ ಫೋರಂ ನಿಶ್ಚಯಿಸಿದೆ. ಅದೇ 2025ರಲ್ಲಿ, ತನ್ನ ಪತ್ರಗಳಿಂದ ಕ್ಲೈಂಟ್ ಗುರುತಿನ ಅಧಿಕಾರವನ್ನು ತೆಗೆದುಹಾಕುವುದಾಗಿ ಲೆಟ್ಸ್ ಎನ್‌ಕ್ರಿಪ್ಟ್ ಸಾರಿತು. ಬ್ರೌಸರುಗಳ ಲೋಕಕ್ಕೆ ಇದು ಅಲ್ಪವಿಷಯ. ಒಂದು ಸರ್ವರು ಮತ್ತೊಂದರ ಬಳಿಗೆ ತಾನೇ ಕ್ಲೈಂಟಾಗಿ ಹೋಗಿ ಅದೇ ಪತ್ರವನ್ನು ತೋರಿಸುವ ಎಕ್ಸ್‌ಎಂಪಿಪಿಗೆ ಅಲ್ಪವಲ್ಲ. ಜಾಲತಾಣಗಳ ಹಿತವನ್ನು ನೋಡಿ ಮಾಡಿದ ನಿಯಮಗಳಿಗೆ ಸಂದೇಶ ಸರ್ವರುಗಳು ಹೊಂದಿಕೊಳ್ಳಬೇಕಾಗಿ ಬರುವುದು ಈ ಪದ್ಧತಿಯ ನಿಜವಾದ ದೌರ್ಬಲ್ಯ.

ಒಟ್ಟಿನಲ್ಲಿ ಹೇಳುವುದಾದರೆ, ಪ್ರಮಾಣಪತ್ರದ ಗಳಿಕೆಯನ್ನು ಈ ಪದ್ಧತಿ ಸುಲಭಗೊಳಿಸಿದೆ, ಅದಕ್ಕಾಗಿ ಅದು ಕೃತಜ್ಞತೆಗೆ ಅರ್ಹ. ಪಾಲನೆಯನ್ನು ಮಾತ್ರ ಅದು ಅರ್ಧದಲ್ಲಿಯೇ ಬಿಟ್ಟಿದೆ. ಉಳಿದರ್ಧ ನಿರ್ವಾಹಕನ ಕರ್ತವ್ಯ. ಸ್ವಂತ ಸರ್ವರನ್ನು ಕಟ್ಟಹೊರಟವರು ಸದಸ್ಯರನ್ನು ಒಳಕ್ಕೆ ಕರೆಯುವ ಮುನ್ನವೇ ಒಂದು ನವೀಕರಣವನ್ನು ಬಲವಂತದಿಂದ ಮಾಡಿಸಿ, ಹೊಸ ಪತ್ರ ಎರಡು ಪೋರ್ಟುಗಳಲ್ಲಿಯೂ ಹೊರಗಿನವರಿಗೆ ಕಾಣುತ್ತಿದೆಯೆಂದು ಖಚಿತಪಡಿಸಿಕೊಂಡು, ಸಿಎಎ ದಾಖಲೆಯನ್ನು ಬರೆದಿಡಲಿ. ಅಷ್ಟನ್ನು ಮಾಡದ ಸರ್ವರಿಗೆ ನೆರೆಹೊರೆಯವರ ಮಾತುಕತೆಯನ್ನು ವಹಿಸಿಕೊಳ್ಳುವ ಯೋಗ್ಯತೆ ಇನ್ನೂ ಬಂದಿಲ್ಲ.