ಹೊಳಪಿನ ಇಂಜಿನ್, ತಪ್ಪಿದ ಅಳತೆ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಮೈಸೂರು, ಬೆಂಗಳೂರುಗಳಲ್ಲಿ ಅಂದು ಜಾವಾ, ಯೆಜ್ಡಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕ್ರೋಮ್ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಇಂಜಿನ್ನಿನ ಕವರುಗಳನ್ನು ಬಫ್ ಹೊಡೆಸಿ ಕಣ್ಣು ಕುಕ್ಕುವ ಹಾಗೆ ಮಾಡಿರುತ್ತಾರೆ. ಮಾಲೀಕರನ್ನು ಮಾತಿಗೆಳೆದರೆ ಕೆಲವರಾದರೂ ಹೆಮ್ಮೆಯಿಂದ ಹೇಳುವುದುಂಟು: "ಇಂಜಿನ್ ನಾನೇ ಮನೇಲಿ ಇಳಿಸಿ ಮಾಡಿದ್ದು." ಆ ಹೆಮ್ಮೆಯ ಬಗ್ಗೆ ನನಗೆ ತಕರಾರಿಲ್ಲ. ಬೋರಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಬಿಟ್ಟಿರಿ, ಕ್ರ್ಯಾಂಕ್ ಎಷ್ಟು ಓಡುತ್ತಿತ್ತು (ಅಂದರೆ ತಿರುಗುವಾಗ ನೇರ ಬಿಟ್ಟು ಎಷ್ಟು ಸರಿಯುತ್ತಿತ್ತು) ಎಂದು ಕೇಳಿದಾಗ "ಅದನ್ನೆಲ್ಲ ಲೇತಿನವರು ನೋಡ್ಕೊಂಡ್ರು" ಎಂಬ ಉತ್ತರ ಬರುತ್ತದಲ್ಲ, ತಕರಾರು ಇರುವುದು ಅಲ್ಲಿ. ಮನೆಯಲ್ಲಿ ಇಂಜಿನ್ ಕೆಲಸ ಮಾಡುವ ಈ ಹವ್ಯಾಸ ನಮ್ಮಲ್ಲಿ ಹೊಳಪನ್ನು ಕಲಿತಿದೆ, ಅಳತೆಯನ್ನು ಕಲಿತಿಲ್ಲ.

ಹವ್ಯಾಸಕ್ಕೆ ಈ ಗಾಡಿಯೇ ಯಾಕೆ ಸಿಕ್ಕಿತು ಎನ್ನುವುದು ಸುಲಭದ ಪ್ರಶ್ನೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 1960ರ ದಶಕದ ಶುರುವಿನಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ, 250 ಸಿ.ಸಿ. ಎಂದು ಕರೆಸಿಕೊಳ್ಳುವ ಟೂ ಸ್ಟ್ರೋಕ್ ಇಂಜಿನ್ ಅದು. ವಾಲ್ವಿಲ್ಲ, ಕ್ಯಾಮ್ ಶಾಫ್ಟಿಲ್ಲ, ಟೈಮಿಂಗ್ ಚೈನಿಲ್ಲ. ಎಡಗಡೆಯ ಒಂದೇ ಲಿವರ್ ಕಿಕ್ಕೂ ಹೌದು, ಗೇರೂ ಹೌದು. ತಿಂಗಳುಗಟ್ಟಲೆ ಗ್ಯಾರೇಜಿಗೆ ಅಲೆಯುವ ಬದಲು ಶೆಡ್ಡಿನಲ್ಲೇ ಬಿಚ್ಚಿ ನೋಡೋಣ ಎಂದು ಯಾರಿಗಾದರೂ ಧೈರ್ಯ ಬರುವಷ್ಟು ಸರಳ.

ಈ ಸರಳತೆಯೇ ಮೋಸ ಮಾಡುವುದು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ತಿರುಗುವ ಚೇಂಬರ್ ಬರೀ ಡಬ್ಬಿಯಲ್ಲ, ಪಂಪು. ಪಿಸ್ಟನ್ ಮೇಲೇರುವಾಗ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲನ್ನು ಒಳಗೆಳೆದುಕೊಂಡು, ಇಳಿಯುವಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುವುದು ಈ ಚೇಂಬರೇ. ಎರಡು ಹೋಳು ಸೇರುವ ಜಾಗದಲ್ಲಿ, ಆಯಿಲ್ ಸೀಲಿನ ತುಟಿಯಲ್ಲಿ, ಸಿಲಿಂಡರಿನ ಬುಡದ ಪ್ಯಾಕಿಂಗಿನಲ್ಲಿ ಎಲ್ಲಿ ಸಣ್ಣ ಗಾಳಿ ನುಸುಳಿದರೂ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಮಿತಿಮೀರಿ ಕಾಯುತ್ತದೆ, ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಗ ದೂರು ಬೀಳುವುದು ಟೂ ಟಿ ಆಯಿಲಿನ ಮೇಲೆ, ಇಲ್ಲವೇ ಪೆಟ್ರೋಲ್ ಬಂಕಿನ ಮೇಲೆ.

ಹಾಗಾಗಿ ಮೊದಲ ಪ್ರಶ್ನೆ ಇಂಜಿನ್ ಹೇಗೆ ಇಳಿಸಬೇಕು ಎಂಬುದಲ್ಲ, ಇಳಿಸಬೇಕೇ ಎಂಬುದು. ಇದನ್ನು ಕೇಳಿಕೊಳ್ಳದೆ ಪಾನಾ ಹಿಡಿಯುವವರೇ ಹೆಚ್ಚು. ಪಿಕಪ್ ಬಿದ್ದಿದೆ ಎಂದು ಇಂಜಿನ್ ಇಳಿಸಿ ಕೊನೆಗೆ ಸೈಲೆನ್ಸರಿನ ತುಂಬ ಕಾರ್ಬನ್ ಕಟ್ಟಿತ್ತು ಎಂದು ಗೊತ್ತಾಗುವುದುಂಟು. ಹೆಡ್, ಸಿಲಿಂಡರ್ ಎರಡನ್ನೂ ಗಾಡಿಯ ಮೇಲಿರುವಾಗಲೇ ಬಿಚ್ಚಬಹುದು. ರಿಂಗು, ಪಿಸ್ಟನ್, ಬೋರಿನ ಕೆಲಸಕ್ಕೆ ಇಂಜಿನ್ನನ್ನು ಫ್ರೇಮಿನಿಂದ ಕೆಳಗಿಳಿಸುವ ಅಗತ್ಯವೇ ಇಲ್ಲ. ಇಳಿಸಬೇಕಾಗುವುದು ಕ್ರ್ಯಾಂಕ್, ಬೇರಿಂಗ್, ಗೇರ್ ಬಾಕ್ಸಿನ ಹೊಟ್ಟೆಯ ಕೆಲಸ ಬಿದ್ದಾಗ.

ಅದು ಬಿದ್ದಿದೆಯೋ ಇಲ್ಲವೋ ಎನ್ನುವುದನ್ನು ಇಂಜಿನ್ನೇ ಹೇಳುತ್ತದೆ. ಹಳೆಯ ಮಾದರಿಗಳಲ್ಲಿ ಡೈನಮೊದ ರೋಟರ್ ಕೂತಿರುವುದು ಕ್ರ್ಯಾಂಕಿನ ಬಲತುದಿಯಲ್ಲಿ. ಪಾಯಿಂಟನ್ನು ತೆರೆಯುವ ಕ್ಯಾಮ್ ಕೂಡ ಅಲ್ಲೇ. ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಹೊಂದಿಸಿ, ಮತ್ತೆ ಒಂದೆರಡು ಸುತ್ತು ತಿರುಗಿಸಿ ನೋಡಿದಾಗ ಗ್ಯಾಪ್ ಬೇರೆಯೇ ಬಂದರೆ, ಮತ್ತೆ ಹೊಂದಿಸಿದರೂ ನಿಲ್ಲದಿದ್ದರೆ, ಪಾಯಿಂಟ್ ಬದಲಿಸಿ ಪ್ರಯೋಜನವಿಲ್ಲ. ಆ ತುದಿಯಲ್ಲಿ ಬೇರಿಂಗ್ ಸಡಿಲವಾಗಿದೆ ಅಥವಾ ಕ್ರ್ಯಾಂಕ್ ಸೊಟ್ಟಗಾಗಿದೆ. ರೋಟರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕಟಕಟ ಎಂದರೆ ಇನ್ನು ಅನುಮಾನವೇ ಬೇಡ. ಎಡಗಡೆಯ ಸೀಲ್ ಹೋದರೆ ಇನ್ನೊಂದು ಸೂಚನೆ: ಕ್ಲಚ್ ಚೇಂಬರಿನ ಆಯಿಲನ್ನು ಕ್ರ್ಯಾಂಕ್ ಚೇಂಬರ್ ಹೀರಿಕೊಳ್ಳುತ್ತದೆ. ಗೇರ್ ಆಯಿಲ್ ನೆಲಕ್ಕೆ ಸೋರದೆಯೇ ಕಡಿಮೆಯಾಗುತ್ತದೆ, ಹೊಗೆ ಮಾತ್ರ ಬೀದಿ ತುಂಬುತ್ತದೆ. ಅನುಭವಿ ಮೆಕ್ಯಾನಿಕ್ ಗಾಡಿ ಇಳಿಯುವ ಮೊದಲೇ ಇಷ್ಟನ್ನು ಹೇಳಿಬಿಡುತ್ತಾನೆ. ಮನೆಯಲ್ಲಿ ಕೆಲಸ ಮಾಡುವವನಿಗೆ ಆ ಕಿವಿ ಇರುವುದಿಲ್ಲ, ಆದರೆ ಇಡೀ ವಾರ ಕೂತು ನೋಡುವ ಸಮಯವಿರುತ್ತದೆ. ಅವನ ಬಂಡವಾಳ ಅದೊಂದೇ.

ಆ ಸಮಯವನ್ನು ಆತ ಹೇಗೆ ಖರ್ಚು ಮಾಡುತ್ತಾನೆ ಎಂಬುದು ಚೇಂಬರ್ ಬಿಚ್ಚುವಾಗ ಗೊತ್ತಾಗುತ್ತದೆ. ವರ್ಷಗಳಿಂದ ಕೂತ ಸ್ಕ್ರೂಗಳು ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡಿರುತ್ತವೆ. ಇಂಪ್ಯಾಕ್ಟ್ ಡ್ರೈವರ್ ಇಟ್ಟು ಒಂದು ಪೆಟ್ಟು ಕೊಟ್ಟರೆ ಬಿಡುವ ಸ್ಕ್ರೂವಿನ ತಲೆಯನ್ನು ಸಾದಾ ಸ್ಕ್ರೂ ಡ್ರೈವರಿನಿಂದ ಸವೆಸಿ, ಆಮೇಲೆ ಉಳಿ ಇಟ್ಟು ಹೊಡೆಯುವುದನ್ನು ರಸ್ತೆ ಬದಿಯ ಗ್ಯಾರೇಜಿನಲ್ಲೂ ಕಾಣಬಹುದು, ಮನೆಯ ಶೆಡ್ಡಿನಲ್ಲೂ ಕಾಣಬಹುದು. ಸ್ಕ್ರೂಗಳೆಲ್ಲ ಬಂದ ಮೇಲೆ ಎರಡು ಹೋಳು ಬೇರೆಯಾಗದೆ ಸತಾಯಿಸಿದಾಗ ನಿಜವಾದ ಪರೀಕ್ಷೆ. ಸ್ಕ್ರೂ ಡ್ರೈವರನ್ನು ಸಂದಿಗೆ ತುರುಕಿ ಮೀಟಿದರೆ ಹೋಳು ಬರುತ್ತದೆ, ಜೊತೆಗೆ ಸೇರುವ ಮುಖದ ಮೇಲೊಂದು ಗೀರೂ ಬರುತ್ತದೆ. ಆ ಗೀರಿನಿಂದ ಗಾಳಿ ನುಸುಳುತ್ತದೆ. ಎಷ್ಟು ಶೆಲ್ಲಾಕ್ ಬಳಿದರೂ ಅದು ತಾತ್ಕಾಲಿಕ. ಇದಕ್ಕಿರುವ ಸರಿಯಾದ ದಾರಿ ಶಾಖ: ಬೇರಿಂಗ್ ಕೂತ ಜಾಗದ ಸುತ್ತ ಚೇಂಬರನ್ನು ಸಮವಾಗಿ ಬಿಸಿ ಮಾಡಿದರೆ, ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ, ಬೇರಿಂಗ್ ತಾನಾಗಿಯೇ ಹಿಡಿತ ಬಿಡುತ್ತದೆ. ಹೊಸ ಬೇರಿಂಗ್ ಕೂರಿಸುವಾಗಲೂ ಅದೇ ಉಪಾಯ. ಸುತ್ತಿಗೆ ಬೇಕಾಗುವುದಿಲ್ಲ. ಸುತ್ತಿಗೆಯಿಂದ ಕ್ರ್ಯಾಂಕಿನ ತುದಿಗೆ ಬಡಿದರೆ ಆಗುವ ಅನಾಹುತ ಕಣ್ಣಿಗೆ ಕಾಣುವಂಥದ್ದಲ್ಲ. ಈ ಕ್ರ್ಯಾಂಕ್ ಒಂದೇ ತುಂಡಲ್ಲ, ಎರಡು ಚಕ್ರಗಳನ್ನು ಪಿನ್ನಿಗೆ ಒತ್ತಿ ಕೂರಿಸಿದ ಜೋಡಣೆ. ಒಂದು ಪೆಟ್ಟಿಗೆ ಅದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಸರಿದುಬಿಡುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ಹ್ಯಾಂಡಲ್ಲು ಜುಮ್ಮೆನ್ನುವುದು ನಿಲ್ಲುವುದಿಲ್ಲ.

ಕ್ರ್ಯಾಂಕ್ ನೇರ ಮಾಡುವುದು, ಕನೆಕ್ಟಿಂಗ್ ರಾಡ್ ಕಿಟ್ ಒತ್ತಿಸುವುದು, ಬೋರ್ ಮಾಡುವುದು ಮನೆಯ ಕೆಲಸವಲ್ಲ. ಹೈಡ್ರಾಲಿಕ್ ಪ್ರೆಸ್, ಬೋರಿಂಗ್ ಮಷೀನ್ ಇರುವ ಲೇತ್ ಅಂಗಡಿಗೇ ಕೊಡಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೊಡುವ ರೀತಿಯಲ್ಲಿ ಮಾತ್ರ ವ್ಯತ್ಯಾಸವಿದೆ. ಒಳ್ಳೆಯ ಲೇತಿನವನು ಸಿಲಿಂಡರನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಾನೆ: "ಪಿಸ್ಟನ್ ತಂದಿದ್ದೀರಾ ಸಾರ್?" ಓವರ್ ಸೈಜ್ ಪಿಸ್ಟನ್ನುಗಳು 0.25, 0.50, 0.75 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಿ ಬೋರ್ ಮಾಡಿಸಿ, ಆಮೇಲೆ ಪಿಸ್ಟನ್ ಕೊಳ್ಳಲು ಹೋಗುವುದು ತಲೆಕೆಳಗಾದ ಕೆಲಸ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದ ಮೇಲೆ ಅಸಲಿ ಬಿಡಿಭಾಗ ಸಿಗುವುದೇ ಅಪರೂಪ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವುದು ಬಹುಪಾಲು ಮರುತಯಾರಿಕೆಯ ಸಾಮಾನು. ಅದರಲ್ಲಿ ಒಳ್ಳೆಯದೂ ಇದೆ, ಕೈಕೊಡುವಂಥದ್ದೂ ಇದೆ. ಒಂದೇ ನಂಬರಿನ ಎರಡು ಪಿಸ್ಟನ್ ಒಂದೇ ಅಳತೆಗೆ ಇರಲೇಬೇಕೆಂದಿಲ್ಲ. ಪಿಸ್ಟನ್ ಮೊದಲು, ಅದನ್ನು ಮೈಕ್ರೊಮೀಟರಿನಲ್ಲಿ ಅಳೆದು ಅದಕ್ಕೆ ತಕ್ಕ ಬೋರ್ ಆಮೇಲೆ. ಬೋರ್ ಆಗಿ ಬಂದ ಸಿಲಿಂಡರಿನೊಳಗೆ ರಿಂಗನ್ನು ಬರಿದಾಗಿ ಇಳಿಸಿ, ಪಿಸ್ಟನ್ನಿನ ತಲೆಯಿಂದಲೇ ಅದನ್ನು ಸಮನಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡುವುದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷ ಕೊಡದವರು ಕವರಿಗೆ ಉಪ್ಪುಕಾಗದ ಉಜ್ಜುತ್ತ ಎರಡು ದಿನ ಕೂತಿರುತ್ತಾರೆ.

ಇನ್ನೊಂದು ಪರೀಕ್ಷೆ ಮನೆಗೆಂದೇ ಹೇಳಿ ಮಾಡಿಸಿದ್ದು. ಬಿ.ಪಿ. ನೋಡುವ ಹಳೆಯ ಉಪಕರಣದ ರಬ್ಬರ್ ಬಲ್ಬು ಮತ್ತು ಗೇಜು ಇದ್ದರೆ ಸಾಕು. ಇಂಜಿನ್ ಪೂರ್ತಿ ಜೋಡಿಸಿದ ಮೇಲೆ, ಫ್ರೇಮಿಗೆ ಏರಿಸುವ ಮೊದಲು, ಎರಡೂ ಸೈಲೆನ್ಸರ್ ಬಾಯಿಗಳನ್ನು, ಕಾರ್ಬುರೇಟರ್ ಕೂರುವ ಜಾಗವನ್ನು ರಬ್ಬರ್ ಹಾಳೆ ಮತ್ತು ತಗಡಿನ ತುಂಡಿನಿಂದ ಬಿಗಿಯಾಗಿ ಮುಚ್ಚಬೇಕು. ಪ್ಲಗ್ಗಿನ ತೂತಿನಿಂದ ಬಲ್ಬಿನ ಕೊಳವೆ ಒಳಗೆ. ಪಿಸ್ಟನ್ನನ್ನು ಕೆಳಗಿಳಿಸಿಟ್ಟು, ಗೇಜಿನ ಮುಳ್ಳು 250ರ ಸುಮಾರಿಗೆ ಬರುವ ತನಕ ಒತ್ತಿ ಬಿಡುವುದು. ಮುಳ್ಳು ಕೂತಲ್ಲೇ ಕೂತರೆ ಚೇಂಬರ್ ಭದ್ರ. ಇಳಿಯತೊಡಗಿದರೆ ಸೋಪಿನ ನೀರನ್ನು ಜೋಡಣೆಗಳ ಮೇಲೆ ಸವರಿ, ಗುಳ್ಳೆ ಏಳುವುದೆಲ್ಲಿ ಎಂದು ನೋಡಬೇಕು. ಸಿಲಿಂಡರಿನ ಬುಡದಲ್ಲೋ, ಡೈನಮೊ ಹಿಂದಿನ ಸೀಲಿನಲ್ಲೋ ಅದು ತಾನಾಗಿ ಕಾಣಿಸುತ್ತದೆ. ದಿನಕ್ಕೆ ನಾಲ್ಕು ಗಾಡಿ ಮುಗಿಸಬೇಕಾದ ಮೆಕ್ಯಾನಿಕ್ಕಿಗೆ ಇದಕ್ಕೆ ಪುರುಸೊತ್ತಿಲ್ಲ, ಮಾಡು ಎಂದು ಕೇಳುವ ಗಿರಾಕಿಯೂ ಇಲ್ಲ. ಮನೆಯವನಿಗೆ ಪುರುಸೊತ್ತಿದೆ. ಹಾಗಿದ್ದೂ ಈ ಪರೀಕ್ಷೆ ಮಾಡಿದೆ ಎಂದು ಹೇಳುವವರು ವಿರಳ. ಮನೆಯ ಇಂಜಿನ್ ಕೆಲಸ ಗ್ಯಾರೇಜಿಗಿಂತ ಮೇಲು ಎಂದು ನಾನು ಒಪ್ಪುವುದು ಇಂಥ ಕಡೆ ಮಾತ್ರ.

ಹೊಳಪಿನ ಚಟ ಬರೀ ಸಮಯ ತಿನ್ನುವುದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅದು ಇಂಜಿನ್ನನ್ನೂ ತಿನ್ನುತ್ತದೆ. ಚೇಂಬರ್ ಹೊಸದರಂತೆ ಕಾಣಲಿ ಎಂದು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವುದು ಈಗ ಮಾಮೂಲಾಗಿದೆ. ಬೇರಿಂಗಿಗೆ ಆಯಿಲ್ ಹೋಗುವ ಸಣ್ಣ ದಾರಿಗಳಲ್ಲಿ, ಬೋಲ್ಟಿನ ತೂತುಗಳಲ್ಲಿ ಕೂತ ಮರಳು ಒಂದು ಸಲ ತೊಳೆದರೆ ಹೋಗುವುದಿಲ್ಲ. ಒಂದಷ್ಟು ಕಣ ಉಳಿದರೂ ಹೊಸ ಬೇರಿಂಗನ್ನು ಅರೆಯುವುದಕ್ಕೆ ಅದೇ ಸಾಕು. ಬಫಿಂಗಿನ ಮೇಣವೂ ಹಾಗೆಯೇ ಮೂಲೆಗಳಲ್ಲಿ ಕೂರುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನವೂ ಆ ಇಂಜಿನ್ ಇಷ್ಟು ಹೊಳೆದಿರಲಿಕ್ಕಿಲ್ಲ.

ದುಡ್ಡು ಉಳಿಯುತ್ತದೆ ಎನ್ನುವ ವಾದವನ್ನು ಹೆಚ್ಚು ಎಳೆಯಬೇಕಿಲ್ಲ. ಕ್ಲಚ್ ಪುಲ್ಲರ್, ರೋಟರ್ ಪುಲ್ಲರ್, ಇಂಪ್ಯಾಕ್ಟ್ ಡ್ರೈವರ್, ಡಯಲ್ ಗೇಜ್, ಮೈಕ್ರೊಮೀಟರ್ ಎಲ್ಲ ಕೊಂಡು ಒಂದೇ ಒಂದು ಇಂಜಿನ್ ಮಾಡಿದರೆ ಮೆಕ್ಯಾನಿಕ್ಕಿನ ಕೂಲಿಯನ್ನು ದಾಟಿಹೋಗುತ್ತದೆ. ಗೆಳೆಯರು ಸೇರಿ ಕೊಂಡರೆ ಲೆಕ್ಕ ಬೇರೆ.

ಮನೆಯವರ ಕಷ್ಟದ ಬಗ್ಗೆ ಹವ್ಯಾಸಿಗಳು ಮಾತಾಡುವುದು ಕಡಿಮೆ. ಬಿಡಿಭಾಗ ತೊಳೆಯಲು ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಹಲವರು ಪೆಟ್ರೋಲಿಗೆ ಇಳಿದಿದ್ದಾರೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದುಹೋಗುತ್ತದೆ. ಶೆಡ್ಡಿನ ಪಕ್ಕದ ಬಾಗಿಲಿನಾಚೆ ಅಡುಗೆ ಮನೆಯ ಒಲೆಯೋ ದೇವರ ದೀಪವೋ ಉರಿಯುತ್ತಿರುವ ಮನೆಯಲ್ಲಿ ಇದು ಹುಡುಗಾಟವಲ್ಲ. ಡೀಸೆಲ್ಲಿನಲ್ಲಿ ತೊಳೆದರೆ ವಾಸನೆ ಹೆಚ್ಚು, ಅಪಾಯ ಕಡಿಮೆ. ಇಳಿಸಿದ ಗೇರ್ ಆಯಿಲನ್ನು ಚರಂಡಿಗೆ ಸುರಿಯುವವರ ಬಗ್ಗೆ ಹೇಳಲೇ ಬೇಕಿಲ್ಲ. ಬಳಸಿದ ಎಣ್ಣೆ ನಮ್ಮ ದೇಶದ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಬಳಸಿದ ಎಣ್ಣೆಯನ್ನು ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವ ಗ್ಯಾರೇಜನ್ನು ಹುಡುಕಿ ಕೊಟ್ಟುಬರುವಷ್ಟು ಶ್ರಮವನ್ನು ಬೇಡುವುದು ಅತಿಯಲ್ಲ.

ಜೋಡಿಸುವ ಕೆಲಸಕ್ಕೆ ಬಂದರೆ, ಇಲ್ಲಿ ಮನೆಯಲ್ಲಿ ಕೆಲಸ ಮಾಡುವವರ ಕೈ ನಿಜಕ್ಕೂ ಚೊಕ್ಕ. ಚೇಂಬರಿನ ಬಾಯಿಗೆ ಬಟ್ಟೆ ತುರುಕದೆ ಪಿಸ್ಟನ್ ಪಿನ್ನಿನ ಲಾಕ್ ಹಾಕಲು ಹೋಗಿ ಅದನ್ನು ಒಳಕ್ಕೆ ಬೀಳಿಸುವ ಅವಸರ ಮನೆಯಲ್ಲಿ ಕಡಿಮೆ. ರಿಂಗಿನ ತುದಿಗಳು ಪಿಸ್ಟನ್ನಿನ ಗುಂಡುಪಿನ್ನಿಗೆ ಸರಿಯಾಗಿ ಕೂತಿವೆಯೇ ಎಂದು ನೋಡಿ, ಸಿಲಿಂಡರನ್ನು ತಿರುಚದೆ ನೇರವಾಗಿ ಇಳಿಸುವ ತಾಳ್ಮೆಯೂ ಅವರಿಗಿದೆ. ತಿರುಚಿದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ತಾಳ್ಮೆ ಕೆಡುವುದು ಮೊದಲ ಕಿಕ್ಕಿಗೆ ಇಂಜಿನ್ ಕೂಗಿದ ಮೇಲೆ. ಹೊಸ ಬೋರನ್ನು ಮೆಲ್ಲಗೆ ಓಡಿಸಿ, ತಣಿಯಲು ಬಿಟ್ಟು, ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಅಡ್ಡಸಾಲಿನಲ್ಲಿ ಬಿಗಿಮಾಡಿ, ಪ್ಲಗ್ ತೆಗೆದು ಬಣ್ಣ ನೋಡಬೇಕಾದ ವಾರದಲ್ಲೇ ಗಾಡಿ ಚಾಮುಂಡಿ ಬೆಟ್ಟ ಹತ್ತಿರುತ್ತದೆ. ಪ್ಲಗ್ ಕಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗೆ ಬಂದಿದ್ದರೆ ಎಲ್ಲೋ ಗಾಳಿ ಹೆಚ್ಚಾಗಿದೆ, ಮುಂದೆ ಓಡಿಸಬಾರದು.

ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ "ಫುಲ್ ಇಂಜಿನ್ ಕೆಲಸ ಆಗಿದೆ" ಎಂಬ ಮಾತಿಗೆ ಈಗ ಒಳ್ಳೆಯ ಬೆಲೆಯಿದೆ. ಕೊಳ್ಳುವವರು ಬಫ್ ಹೊಡೆದ ಕವರನ್ನು ನೋಡಿ ಬೆಲೆ ಕಟ್ಟುವುದನ್ನು ಬಿಟ್ಟು, ತೆಗೆದ ಹಳೆಯ ಪಿಸ್ಟನ್, ಹಳೆಯ ಬೇರಿಂಗುಗಳನ್ನು ತೋರಿಸಿ ಎನ್ನಬೇಕು. ಬೋರ್ ಎಷ್ಟಕ್ಕೆ ಆಗಿದೆ, ಪಿಸ್ಟನ್ ಎಷ್ಟಿತ್ತು, ರಿಂಗಿನ ಸಂದು ಎಷ್ಟು, ಕ್ರ್ಯಾಂಕ್ ಎಷ್ಟು ಓಡುತ್ತಿತ್ತು ಎಂದು ಬರೆದಿಟ್ಟ ಒಂದು ಹಾಳೆ ಕೇಳಬೇಕು. ಹಾಳೆ ಇಲ್ಲವೆಂದರೆ, ಕವರು ಎಷ್ಟೇ ಮಿಂಚಲಿ, ಹೇಳಿದ ಬೆಲೆಯಿಂದ ಇನ್ನೊಂದು ಫುಲ್ ಇಂಜಿನ್ ಕೆಲಸದ ದುಡ್ಡನ್ನು ಕಳೆದುಕೊಂಡೇ ಮಾತಿಗೆ ಕೂರಬೇಕು.